ಹನ್ನೊಂದು ಸತೋಶಿಯ ಕೊಸರು

ಹೊಳೆನರಸೀಪುರದ ಸಂತೆಗೆ ಅನಸೂಯಮ್ಮ ಬರುತ್ತಿದ್ದಾರೆ ಎಂದು ಗೊತ್ತಾದರೆ ಸೊಪ್ಪು ಮಾರುವವರು ಕೊತ್ತಂಬರಿಯ ಒಂದು ಸಣ್ಣ ಗುಡ್ಡೆಯನ್ನು ಬೇರೆ ಎತ್ತಿಟ್ಟುಕೊಳ್ಳುತ್ತಾರೆ. ಅದು ಮಾರುವುದಕ್ಕಲ್ಲ, ಆಕೆಯ ಬಾಯಿ ಮುಚ್ಚಿಸುವುದಕ್ಕೆ. ತೂಕ ಮುಗಿದು, ದುಡ್ಡು ಕೊಟ್ಟಾಗಿ, ಬೇರೆಯವರಾದರೆ ಚೀಲ ಎತ್ತಿಕೊಂಡು ಹೊರಡುವ ಹೊತ್ತಿಗೆ ಅನಸೂಯಮ್ಮನವರ ನಿಜವಾದ ವ್ಯಾಪಾರ ಶುರುವಾಗುತ್ತದೆ. ಚೀಲದ ಬಾಯಿ ಅಗಲಿಸಿ ಹಿಡಿದು, "ಕೊಸರು?" ಎನ್ನುತ್ತಾರೆ. ಅಷ್ಟೇ ಮಾತು. ಬೇಡುವ ದನಿಯಲ್ಲ, ಜಗಳದ ದನಿಯೂ ಅಲ್ಲ. ಕಂಡಕ್ಟರು ಟಿಕೆಟ್ ಕೇಳಿದ ಹಾಗೆ ಇರುತ್ತದೆ.

ಕೊಸರು ಎಂದರೆ ತೂಗಿದ್ದರ ಮೇಲೆ ಹಾಕುವ ಒಂದು ಹಿಡಿ. ಈಗ ಅದನ್ನು ಕೇಳುವವರೂ ಕಡಿಮೆ, ಕೊಡುವವರ ಕೈಯೂ ಗಿಡ್ಡವಾಗಿದೆ. ಅನಸೂಯಮ್ಮ ಮಾತ್ರ ಕಾಲಕ್ಕೆ ಸೊಪ್ಪು ಹಾಕಿದವರಲ್ಲ. ಹಾಸನದ ದೊಡ್ಡ ಬಟ್ಟೆಯಂಗಡಿಯಲ್ಲಿ 'ಒಂದೇ ಬೆಲೆ' ಎಂಬ ಬೋರ್ಡಿನ ಕೆಳಗೇ ನಿಂತು ಎರಡು ಹ್ಯಾಂಗರ್ ಕೊಸರು ತಂದವರು. ಅರಕಲಗೂಡಿನ ಅಕ್ಕಸಾಲಿಯಿಂದ ಓಲೆಗೆ ಒಂದು ತಿರುಪು ಹೆಚ್ಚಿಗೆ ಈಸಿಕೊಂಡವರು. ಬಸ್ಸಿನಲ್ಲಿ ಕೊಸರು ಕೊಡಲು ಏನಿದೆ ಎಂದು ನೀವು ಕೇಳಬಹುದು. "ಸ್ಟಾಪಿಗಿಂತ ನಾಕು ಮಾರು ಮುಂದ್ಕೆ ನಿಲ್ಸಪ್ಪ, ಕೊಸರು" ಎಂದು ತಮ್ಮ ಬೀದಿಯ ಬಾಯಲ್ಲೇ ಇಳಿದದ್ದಕ್ಕೆ ಸಾಕ್ಷಿಗಳಿದ್ದಾರೆ.

ಹಾಗೆಂದು ಜಿಪುಣಿ ಎನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತೈದು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದಾರೆ. ಅವರ ಕೈಯಿಂದ ಕೊಸರಿಲ್ಲದೆ ಒಂದೂ ಬ್ಲೌಸು ಹೊರಗೆ ಹೋಗಿಲ್ಲ. ಮಿಕ್ಕ ತುಂಡಿನಲ್ಲಿ ಚಿಲ್ಲರೆ ಹಾಕಿಕೊಳ್ಳಲು ಒಂದು ಪುಟ್ಟ ಚೀಲ ಹೊಲಿದು ಕೊಡುತ್ತಾರೆ, ಅದಕ್ಕೆ ಕಾಸಿಲ್ಲ. ತೂಕ ಅಂಗಡಿಯದ್ದು, ಕೊಸರು ಮನುಷ್ಯರದ್ದು ಎಂಬುದು ಅವರ ನಂಬಿಕೆ. ಕೊಸರಿಲ್ಲದೆ ಮುಗಿದ ವ್ಯಾಪಾರ ಅವರಿಗೆ ಗುಂಡಿ ಹಾಕದ ಬ್ಲೌಸು.

ಈ ನಂಬಿಕೆಯಿಂದ ಹೆಚ್ಚು ಕಷ್ಟಪಟ್ಟವರು ಗಂಡ ಕೃಷ್ಣಪ್ಪನವರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅದಕ್ಕಿಂತ ಮುಖ್ಯವಾಗಿ, ಒಂದು ಕಾಲಕ್ಕೆ ಹೊಳೆಯ ದಡದುದ್ದಕ್ಕೂ ಗದ್ದೆ, ತೋಟ ಇದ್ದ ಮನೆತನದವರು. ಗದ್ದೆ ಪಾಲಾಗಿ ಹಂಚಿಹೋದರೂ ಮೀಸೆ ಪಾಲಾಗಿರಲಿಲ್ಲ. "ನಮ್ದು ಕೊಡೋ ಮನೆ ಕಣೇ, ಕೇಳೋ ಮನೆಯಲ್ಲ" ಎಂದು ಮದುವೆಯಾದ ಹೊಸದರಲ್ಲೇ ಹಳ್ಳಿಮೈಸೂರಿನಿಂದ ಬಂದ ಹೆಂಡತಿಗೆ ಹೇಳಿದ್ದರು. ಹೆಂಡತಿ ಕೇಳಿಸಿಕೊಂಡು, ಅದೇ ವಾರ ಸಂತೆಯಲ್ಲಿ ಬದನೆಕಾಯಿಗೆ ಕೊಸರು ಕೇಳಿದ್ದರು. ಅಂದಿನಿಂದ ಕೃಷ್ಣಪ್ಪನವರು ಸಂತೆಯಲ್ಲಿ ಹೆಂಡತಿಯ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯುತ್ತಾರೆ. ಆಕೆ ನಿಂತರೆ ಇವರೂ ನಿಂತು ಯಾವುದೋ ಗೋಡೆಯ ಪೋಸ್ಟರ್ ಓದುತ್ತಾರೆ. ಆ ಬೀದಿಯ ಪೋಸ್ಟರುಗಳನ್ನು ಅವರಷ್ಟು ಓದಿದವರು ಊರಿನಲ್ಲಿಲ್ಲ.

ಮೂವತ್ತೆಂಟು ವರ್ಷ ಹತ್ತು ಹೆಜ್ಜೆ. ಅನಸೂಯಮ್ಮ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೆ ಎದುರಿನಿಂದ ಗಂಡ ಹೆಂಡತಿ ಜೊತೆಯಲ್ಲಿ, ಒಂದೇ ಚೀಲದ ಎರಡು ಕಿವಿ ಹಿಡಿದುಕೊಂಡು ಬರುತ್ತಿದ್ದರೆ, ಆಕೆಯ ಕಣ್ಣು ಒಂದು ಗಳಿಗೆ ಹೆಚ್ಚಿಗೆ ಅಲ್ಲೇ ನಿಲ್ಲುತ್ತಿತ್ತು. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಇಂಥ ಮನೆಗೆ ಬಿಟ್‌ಕಾಯಿನ್ ಎಂಬ ಕಂಪ್ಯೂಟರ್ ನಾಣ್ಯ ಬಂದದ್ದು ಒಂದು ಬ್ಲೌಸಿನ ಜೊತೆಯಲ್ಲಿ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ರಂಜಿನಿ ಅಳತೆ ಕೊಡಲು ಬಂದಿದ್ದಳು. ಸ್ಟೂಲಿನ ಮೇಲಿದ್ದ ಪೇಪರಿನಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ ಕೋಟಿ ರೂಪಾಯಿಯ ಹತ್ತಿರ ಬಂದಿದೆ ಎಂದಿತ್ತು.

"ಕೋಟಿಗೆ ಒಂದಾ?" ಅನಸೂಯಮ್ಮ ಟೇಪು ಹಿಡಿದುಕೊಂಡೇ ಕೇಳಿದರು. "ನಮ್ಮಂತೋರು ಅದರ ಕಡೆ ತಿರುಗಿ ನೋಡಂಗೂ ಇಲ್ಲ ಬುಡು."

"ಪೂರ್ತಿ ಒಂದು ಯಾಕೆ ತಗೋಬೇಕು ಆಂಟಿ? ಒಂದನ್ನ ಹತ್ತು ಕೋಟಿ ಚೂರು ಮಾಡಿದಾರೆ. ಒಂದು ಚೂರಿಗೆ ಸತೋಶಿ ಅಂತಾರೆ. ಇವತ್ತಿನ ಲೆಕ್ಕದಲ್ಲಿ ಒಂದು ಸತೋಶಿ ಅಂದ್ರೆ ಹತ್ತು ಪೈಸೆ."

ಹತ್ತು ಪೈಸೆ! ಆ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ. ಅನಸೂಯಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಕುಳಿತೇಬಿಟ್ಟರು. ರಂಜಿನಿಗೆ ಪಾಠ ಮಾಡುವ ಉಮೇದು ಬಂತು. "ನೀವು ಹಾಸನಕ್ಕೆ ಹೋಗಿ ಇಡೀ ಥಾನು ಬಟ್ಟೆ ತರ್ತೀರಾ? ಬೇಕಾದ್ರೆ ಒಂದು ಮೀಟರು, ಇಲ್ಲಾಂದ್ರೆ ಒಂದು ಗೇಣು ಕತ್ತರಿಸಿಕೊಂಡು ತರಲ್ವಾ? ಹಾಗೇ. ಚೂರೇ ಇಲ್ಲದಿದ್ರೆ ಇದು ಕೋಟಿ ಇರೋರ ಆಟ ಆಗೋದು. ಚೂರಿರೋದಕ್ಕೆ ನಾನೂ ನೀವೂ ನೂರು ರೂಪಾಯಿ ಹಾಕಿ, ಇದೇನು ಎತ್ತ ಅಂತ ಕಲೀಬಹುದು. ಒಂದು ರೂಪಾಯಿಯಷ್ಟನ್ನೂ ಒಬ್ಬರಿಗೆ ಕಳಿಸ್ಬಹುದು. ಆದ್ರೆ ಆಂಟಿ, ಏರುತ್ತೆ, ಇಳಿಯುತ್ತೆ. ಹೋದ್ರೆ ಅಳು ಬರಬಾರದು, ಅಷ್ಟೇ ಹಾಕ್ಬೇಕು."

"ಕತ್ತರಿ ಯಾರ ಕೈಲೈತೆ?"

"ಯಾರ ಕೈಲೂ ಇಲ್ಲ. ಮೊದಲೇ ಗೆರೆ ಎಳೆದಿಟ್ಟಿದಾರೆ."

ಅನಸೂಯಮ್ಮ ಮನಸ್ಸಿನಲ್ಲೇ ತೂಗಿ ನೋಡಿದರು. ಒಂದು ವಸ್ತುವನ್ನು ಹತ್ತು ಕೋಟಿ ಚೂರು ಮಾಡುವವನ ಮನಸ್ಸಿನಲ್ಲಿ ಏನಿದ್ದಿರಬಹುದು? ಮಾರುವುದಕ್ಕಾದರೆ ಸಾವಿರ ಚೂರು ಸಾಕು, ಲಕ್ಷ ಚೂರು ಸಾಕು. ಹತ್ತು ಪೈಸೆಯ ತನಕ ಇಳಿದಿದ್ದಾನೆ ಎಂದರೆ ಕಾರಣ ಒಂದೇ.

"ಕೊಸರು ಹಾಕಕ್ಕೆ ಕಣವ್ವ ಅಷ್ಟು ಸಣ್ಣಕೆ ಮಾಡಿರೋದು! ಅವನ್ಯಾರೋ ಸಂತೆ ಕಂಡೋನು" ಎಂದರು.

ರಂಜಿನಿ ನಕ್ಕು ಸುಸ್ತಾಗಿ, ಆಮೇಲೆ ಆಕೆಯ ಫೋನಿಗೆ ಬಿಟ್‌ಕಾಯಿನ್ ಕೊಳ್ಳುವ ಒಂದು ಆಪ್ ಹಾಕಿಕೊಟ್ಟಳು. ಆಧಾರು, ಪಾನ್ ಕಾರ್ಡು ಎಲ್ಲ ತೋರಿಸಿದ್ದಾಯಿತು. ಮುಖ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಕಣ್ಣು ಮಿಟುಕಿಸು ಎಂದು ಆಪ್ ಹೇಳಿದ್ದಕ್ಕೆ ಅನಸೂಯಮ್ಮ ರಂಜಿನಿಯ ಪಕ್ಕ ಕುಳಿತು ಅದನ್ನೂ ಮಾಡಿದರು. ಎರಡು ದಿನವಾದ ಮೇಲೆ ಖಾತೆ ತೆರೆಯಿತು. ನೂರು ರೂಪಾಯಿ ಹಾಕಿದರು.

ಬಂದದ್ದನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. 0.00000968 ಎಂದು ತೋರಿಸುತ್ತಿತ್ತು. "ನೂರು ರೂಪಾಯ್ಗೆ ಆರು ಸೊನ್ನೆ ಕೊಟ್ಟವ್ನಲ್ಲೇ!" ಎಂದು ರಂಜಿನಿಗೆ ಫೋನು ಹೋಯಿತು. ಆಕೆ ಸಂಜೆ ಬಂದು ಎಲ್ಲೋ ಒತ್ತಿ, ಸೊನ್ನೆಗಳನ್ನೆಲ್ಲ ಓಡಿಸಿ, 968 ಸತೋಶಿ ಎಂದು ಕಾಣುವ ಹಾಗೆ ಮಾಡಿದಳು. ಇದು ಮನುಷ್ಯರು ಓದುವ ಸಂಖ್ಯೆ ಎಂದು ಅನಸೂಯಮ್ಮನಿಗೆ ಸಮಾಧಾನವಾಯಿತು. ಆದರೆ ಆ ಸಮಾಧಾನ ಎರಡು ನಿಮಿಷವೂ ಉಳಿಯಲಿಲ್ಲ.

"ಸಾವಿರ ಬರ್ಬೇಕಲ್ಲ?"

"ಅವರ ಫೀಸು, ಟ್ಯಾಕ್ಸು ಎಲ್ಲ ಮುರ್ಕೊಂಡಿದಾರೆ ಆಂಟಿ."

"ಕೊಸರು ಕೊಡೋದಿರ್ಲಿ, ತಕ್ಕಡಿಯಿಂದ್ಲೇ ಕಿತ್ಕಂಡವ್ರೆ ಅನ್ನು!"

ಒಳಗೆ ಕಾಫಿ ಕುಡಿಯುತ್ತಿದ್ದ ಕೃಷ್ಣಪ್ಪನವರು ಲೋಟ ಹಿಡಿದೇ ಹೊರಗೆ ಬಂದರು. ಮೂವತ್ತೆಂಟು ವರ್ಷದಲ್ಲಿ ಇಂಥ ಸಂತೋಷ ಅವರಿಗೆ ಸಿಕ್ಕಿರಲಿಲ್ಲ. "ಕೊನೆಗೂ ನಿನಗೆ ಕೊಸರು ಕೊಡ್ದಿರೋ ಅಂಗಡಿ ಸಿಕ್ತು ನೋಡು. ಇನ್ ಮೇಲಾದ್ರೂ ಬಾಯಿ ಮುಚ್ಕೋ."

"ಕೇಳಿದ್ರೆ ಕೊಡ್ತಾರೆ. ಇನ್ನೂ ಕೇಳಿಲ್ಲ ನಾನು."

"ಕೊಡೋದಾ? ಆ ಫೋನಿಂದ ನೀನು ಒಂದೇ ಒಂದು ಚೂರು ಕೊಸರು ಈಸ್ಕಂಡ್ರೆ, ನಾನು ಸಾಯೋಗಂಟ ಸಂತೇಲಿ ನಿನ್ ಪಕ್ಕದಲ್ಲೇ ಬತ್ತೀನಿ, ಚೀಲಾನೂ ನಾನೇ ಹೊತ್ಕತೀನಿ. ಈಸ್ಕಳ್ದಿದ್ರೆ ನೀನು ಇನ್ನು ಯಾರತ್ರಾನೂ ಕೊಸರು ಕೇಳಂಗಿಲ್ಲ. ಸೊಪ್ಪಿನೋಳ ಅತ್ರಾನೂ. ಮೂರು ಸಂತೆ ಟೈಮ್ ಕೊಟ್ಟಿದೀನಿ. ಮೂರನೇ ಸಂತೆಗೆ ಮನೆ ಬಿಡೋದ್ರೊಳಗೆ ಬಂದಿರ್ಬೇಕು."

ಪಕ್ಕದಲ್ಲೇ ಬರುತ್ತೇನೆ ಎಂದಾಗ ಅನಸೂಯಮ್ಮನ ಕಿವಿ ನಿಮಿರಿತು. "ರಂಜಿನಿ ಸಾಕ್ಷಿ" ಎಂದರು ತಕ್ಷಣ.

ಕೇಳುವುದೇನೋ ಸರಿ, ಯಾರನ್ನು ಕೇಳುವುದು? ಆಪ್‌ಗೆ ಫೋನ್ ನಂಬರ್ ಇರಲಿಲ್ಲ. 'ನಮ್ಮೊಂದಿಗೆ ಮಾತಾಡಿ' ಎಂಬ ಕಡೆ ಒತ್ತಿದರೆ ಒಂದು ಯಂತ್ರ ಉತ್ತರ ಕೊಡುತ್ತಿತ್ತು. ಅನಸೂಯಮ್ಮ 'ಕೊಸರು' ಎಂದು ಬರೆದರು. 'ಈ ನಾಣ್ಯ ನಮ್ಮಲ್ಲಿ ಲಭ್ಯವಿಲ್ಲ' ಎಂದಿತು ಯಂತ್ರ. 'ನಾಣ್ಯ ಅಲ್ಲ, ಮೇಲಕ್ಕೆ ಒಂದು ಹಿಡಿ' ಎಂದು ಬರೆದರು. ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ ಎಂದು ಹೇಳಿ ಅದು ಮಲಗಿಬಿಟ್ಟಿತು. ಹೀಗೆ ಆರು ದಿನ ಬರೆದರು. ಮೊದಲನೆಯ ಸಂತೆ ಕಳೆಯಿತು. ಏಳನೆಯ ದಿನ, ಬಹುಶಃ ಕಾಟ ತಡೆಯಲಾರದೆ, ಕಂಪನಿಯಿಂದಲೇ ಫೋನು ಬಂತು. ಕನ್ನಡ ಮಾತಾಡುವ ಹುಡುಗಿ, ಶೋಭಿತಾ ಎಂದು ಹೆಸರು ಹೇಳಿದಳು.

"ಮೇಡಂ, ನಿಮ್ಮ ಸಮಸ್ಯೆ ಏನು ಅಂತ ತಿಳಿಸ್ತೀರಾ?"

"ಸಮಸ್ಯೆ ಏನೂ ಇಲ್ಲ ಕಣವ್ವ. ನೂರು ರೂಪಾಯಿ ಯಾಪಾರ ಮಾಡಿದೀನಿ. ಕೊಸರು ಹಾಕಿಲ್ಲ ನೀವು."

"ಕೊಸರು ಅಂದ್ರೆ... ಸಂತೇಲಿ ಕೊಡ್ತಾರಲ್ಲ, ಅದಾ ಮೇಡಂ?"

"ಅದೇ. ನಿಂದ್ಯಾವೂರವ್ವ?"

"ಚನ್ನರಾಯಪಟ್ಟಣ."

"ಅಂಗಾದ್ರೆ ನಿನಗೆ ಬಿಡಿಸಿ ಯೋಳ್ಬೇಕಾ? ನಿಮ್ಮೂರ ಸಂತೇಲಿ ತೆಂಗಿನ್ಕಾಯಿ ನೂರಕ್ಕೆ ಮೇಲೆ ಹಾಕ್ತಾರೋ ಇಲ್ವೋ?"

"ಹಾಕ್ತಾರೆ ಮೇಡಂ. ನಮ್ಮಜ್ಜಿ ಅದಕ್ಕೆ ಜಗಳಾನೇ ಆಡೋಳು." ಹುಡುಗಿಯ ಆಫೀಸಿನ ದನಿ ಅಲ್ಲಿಗೆ ಮುಗಿದಿತ್ತು. "ಆದ್ರೆ ಅಮ್ಮ, ಇಲ್ಲಿ ಆ ತರ ಏನೂ ಇಲ್ಲ. ನಾನಾಗಿ ಒಂದು ಸತೋಶಿ ಕೊಡೋ ಹಂಗೂ ಇಲ್ಲ, ಕೆಲಸ ಹೋಗುತ್ತೆ. ಮೇಲಿನೋರಿಗೆ ಬರೆದು ಕಳಿಸ್ತೀನಿ."

ಬರೆದು ಕಳಿಸಿದಳು, ಪಾಪ. ಎರಡನೆಯ ಸಂತೆಯ ಹಿಂದಿನ ದಿನ ಮೇಲಿನವರಿಂದ ಉತ್ತರ ಬಂತು. ನಿಮ್ಮ ಕೋರಿಕೆಯನ್ನು ಪರಿಶೀಲಿಸಿದ್ದೇವೆ, ಇಂಥ ಸೌಲಭ್ಯ ಇರುವುದಿಲ್ಲ, ದೂರನ್ನು ಮುಕ್ತಾಯಗೊಳಿಸಲಾಗಿದೆ. ಅನಸೂಯಮ್ಮ ಅದನ್ನು ಎರಡು ಸಲ ಓದಿ ಫೋನನ್ನು ಹೊಲಿಗೆ ಮಿಷನ್ನಿನ ಡ್ರಾಯರಿನೊಳಗೆ ಇಟ್ಟರು.

ಮರುದಿನ ಸಂತೆಗೆ ಹೋದಾಗ ಮಾರಮ್ಮನ ಮುಂದೆ ನಿಂತರು. ಮಾರಮ್ಮ ಇಪ್ಪತ್ತು ವರ್ಷದಿಂದ ಸೊಪ್ಪು, ಹಸಿಮೆಣಸಿನಕಾಯಿ ಮಾರುವವಳು. ಕೊಸರಿನ ವಿಷಯದಲ್ಲಿ ಅನಸೂಯಮ್ಮನಿಗೆ ಸರಿಸಮ ಎಂದರೆ ಅವಳೇ. ಕೇಳಿಸಿಕೊಂಡು, ಬೈದು, ಹಾಕುವವಳು. ಅಂದು ತೂಕವಾಯಿತು, ದುಡ್ಡು ಕೊಟ್ಟದ್ದಾಯಿತು. ಅನಸೂಯಮ್ಮ ಚೀಲದ ಬಾಯಿ ಕಟ್ಟಿದರು. ಇನ್ನೊಂದು ವಾರ ಬಾಕಿ ಇತ್ತು, ಕೇಳಬಹುದಿತ್ತು. ಆದರೆ ಹೇಗೂ ಸೋಲುವುದೇ ಆದರೆ ಅಭ್ಯಾಸವಾದರೂ ಆಗಲಿ ಎಂದುಕೊಂಡಿದ್ದರು.

ಮಾರಮ್ಮ ಕೊತ್ತಂಬರಿ ಹಿಡಿದ ಕೈ ಚಾಚಿಕೊಂಡೇ ಕಾಯುತ್ತಿದ್ದಳು. ಕೊಸರಿನ ಮಾತೇ ಬರಲಿಲ್ಲ. "ಯಾಕಕ್ಕೋ, ಉಸಾರಿಲ್ವಾ?"

"ಉಸಾರಾಗಿವ್ನಿ."

"ಕೇಳ್ನಿಲ್ವಲ್ಲ?"

"ಏನೂ ಬ್ಯಾಡ ಬುಡು" ಎಂದು ಅನಸೂಯಮ್ಮ ಮುಂದೆ ನಡೆದರು. ಹಿಂದಿನಿಂದ ಮಾರಮ್ಮ, "ಅಯ್ಯೋ, ನಾನೇನಂದೆ ಅಂತ ಮುನಿಸ್ಕಂಡ್ಬುಟ್ರಿ? ಕೊಸರು ಕೇಳ್ದೆ ಓಯ್ತಾರಂತೆ!" ಎಂದು ಸಂತೆಗೆಲ್ಲ ಕೇಳುವ ಹಾಗೆ ಕೂಗಿಕೊಂಡಳು. ಹತ್ತು ಹೆಜ್ಜೆ ಹಿಂದೆ ಪೋಸ್ಟರ್ ಓದುತ್ತಿದ್ದ ಕೃಷ್ಣಪ್ಪನವರು ತಿರುಗಿ ನೋಡಿದರು. ಅನಸೂಯಮ್ಮನಿಗೆ ಅದು ಕಾಣಲಿಲ್ಲ. ಅವರಿಗೆ ದಾರಿ ಕಾಣುವುದೇ ಕಷ್ಟವಾಗಿತ್ತು. ಮನೆಗೆ ಬಂದು ಸೊಪ್ಪು ಸೋಸುವಾಗ ಕಣ್ಣೀರು ಬಂತು. ಒಂದು ಹಿಡಿ ಕೊತ್ತಂಬರಿಗೆ ಅಳುವವರು ಯಾರಾದರೂ ಇದ್ದಾರೆಯೇ ಎಂದು ತಮ್ಮನ್ನೇ ಬೈದುಕೊಂಡರು. ಅದು ಕೊತ್ತಂಬರಿಯ ಅಳುವಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಆ ವಾರ ಕೃಷ್ಣಪ್ಪನವರ ಆರೋಗ್ಯದ ಚಿಂತೆ ಬೇರೆ ಶುರುವಾಯಿತು. ಒಂದು ಬೆಳಿಗ್ಗೆ ನೋಡಿದರೆ ಹಿತ್ತಲಿನ ತೆಂಗಿನ ಮರದ ಪಕ್ಕ ನಿಂತುಕೊಂಡು ಕತ್ತು ಎಡಕ್ಕೆ ತಿರುಗಿಸುತ್ತಾರೆ, ಬಲಕ್ಕೆ ತಿರುಗಿಸುತ್ತಾರೆ, ಪಟಪಟನೆ ಕಣ್ಣು ಮಿಟುಕಿಸುತ್ತಾರೆ. ಮಾರನೆಯ ದಿನವೂ ಅದೇ. ಅನಸೂಯಮ್ಮ ಗಾಬರಿಯಾಗಿ ಓಡಿ ಬರುವಷ್ಟರಲ್ಲಿ ಅವರು ಏನನ್ನೋ ಜೇಬಿಗೆ ತುರುಕಿಕೊಂಡು, ಕತ್ತು ಹಿಡಿದಿದೆ ಎಂದರು. ಅನಸೂಯಮ್ಮ ಎಣ್ಣೆ ಬಿಸಿ ಮಾಡಿ ಕತ್ತಿಗೆ ತಿಕ್ಕಿದರು. ಕಣ್ಣಿಗೆ ಡ್ರಾಪ್ಸ್ ತಂದು ಹಾಕಿದರು. ಎಂದೂ ಔಷಧಿ ಹಾಕಿಸಿಕೊಳ್ಳದ ಮನುಷ್ಯ ಬಾಯಿ ಮುಚ್ಚಿಕೊಂಡು ಹಾಕಿಸಿಕೊಂಡರು. ವಯಸ್ಸಾಯಿತು, ಪಾಪ ಎಂದು ಅನಸೂಯಮ್ಮನಿಗೆ ಕನಿಕರ ಬಂತು.

ಮೂರನೆಯ ಸಂತೆಯ ಬೆಳಿಗ್ಗೆ ಬಂತು. ಅನಸೂಯಮ್ಮ ಸೀರೆ ಉಟ್ಟು, ಚೀಲ ಮಡಚಿ, ಹೊಸ್ತಿಲ ಹತ್ತಿರ ನಿಂತು ಚಪ್ಪಲಿ ಹುಡುಕುತ್ತಿದ್ದರು. ಇನ್ನು ಹತ್ತು ನಿಮಿಷಕ್ಕೆ ಜೀವಮಾನದ ಕೊಸರು ಮುಗಿಯುತ್ತಿತ್ತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

ನಿಮ್ಮ ಖಾತೆಗೆ 11 ಸತೋಶಿ ಬಂದಿದೆ.

ಅನಸೂಯಮ್ಮ ಕಣ್ಣು ಉಜ್ಜಿಕೊಂಡರು. 968 ಹೋಗಿ 979 ಆಗಿತ್ತು. ಅವರು ಹಾಕಿದ ಕೂಗಿಗೆ ಎದುರುಮನೆಯ ನಾಯಿ ಬೊಗಳಿತು. "ಬಂತು ಕಣ್ರೀ! ಕೊಸರು ಬಂತು! ಅನ್ನೊಂದು!"

ಕೃಷ್ಣಪ್ಪನವರು ಒಳಗಿನಿಂದ ನಿಧಾನವಾಗಿ ಬಂದು, ಫೋನನ್ನು ಕೈಗೆ ತೆಗೆದುಕೊಳ್ಳದೆ ದೂರದಿಂದಲೇ ನೋಡಿ, "ಥತ್" ಎಂದರು. "ಎಂಥಾ ಕಂಪನಿಯಪ್ಪ ಇದು, ನಿನಗೂ ಎದರ್ಕಂಡ್ಬುಡ್ತಲ್ಲ." ಆಮೇಲೆ ದೊಡ್ಡ ಉಸಿರು ಬಿಟ್ಟು, "ಮಾತು ಅಂದ್ರೆ ಮಾತು. ತತ್ತಾ ಚೀಲ" ಎಂದು ಕೈ ಚಾಚಿದರು.

ಬೀದಿಯಲ್ಲಿ ಇಬ್ಬರೂ ಜೊತೆಯಲ್ಲಿ ನಡೆದರು. ಮೊದಲ ಸ್ವಲ್ಪ ದೂರ ಕೃಷ್ಣಪ್ಪನವರ ಕಾಲು ಅಭ್ಯಾಸಬಲದಿಂದ ಹಿಂದೆ ಬೀಳುತ್ತಿತ್ತು. ಅನಸೂಯಮ್ಮ ನಿಂತು ಕಾದರು. ಅವರು ಬಂದು ಸೇರಿದ ಮೇಲೆ ಮತ್ತೆ ನಡೆದರು. ಪರಿಚಯದವರೊಬ್ಬರು ಸ್ಕೂಟರ್ ನಿಧಾನಿಸಿ, "ಏನ್ ಸಾ, ಎಲ್ಲ ಆರಾಮಾ?" ಎಂದು ಗಾಬರಿಯಿಂದ ವಿಚಾರಿಸಿಕೊಂಡು ಹೋದರು.

ಮಾರಮ್ಮನ ಮುಂದೆ ನಿಂತಾಗ ಅನಸೂಯಮ್ಮನಿಗೆ ಫೋನು ತೋರಿಸದೆ ಇರಲಾಗಲಿಲ್ಲ. "ನೋಡಿಲ್ಲಿ, ಕೋಟಿ ಬೆಲೆ ಬಾಳೋ ಅಂಗಡೀಲಿ ಕೊಸರು ಈಸ್ಕಂಡಿವ್ನಿ. ನೀನು ಆಕೋ ಎಲಡು ಎಸಳು ಸೊಪ್ಪಿಗೆ ಬೈತಿಯಲ್ಲ." ಮಾರಮ್ಮ, "ಸಣ್ಣಕೈತೆ ಅಕ್ಷರ, ದೊಡ್ದು ಮಾಡಿ" ಎಂದಳು. ಅನಸೂಯಮ್ಮ ಕನ್ನಡಕ ಹಾಕಿಕೊಂಡು 11ರ ಮೇಲೆ ಬೆರಳು ಒತ್ತಿದರು. ಅಕ್ಷರ ದೊಡ್ಡದಾಗಲಿಲ್ಲ, ಬೇರೊಂದು ಪುಟ ತೆರೆಯಿತು. ಯಾವಾಗ, ಎಷ್ಟು, ಯಾರಿಂದ ಎಂದೆಲ್ಲ ಅದರಲ್ಲಿತ್ತು. ಯಾರಿಂದ ಎಂಬ ಕಡೆ ಕಂಪನಿಯ ಹೆಸರಿರಲಿಲ್ಲ. ಕೃಷ್ಣಪ್ಪ ಎಂದಿತ್ತು. ಪಕ್ಕದಲ್ಲಿ ಒಂದು ಪುಟಾಣಿ ಫೋಟೋ. ತೆಂಗಿನ ಮರದ ಮುಂದೆ, ಕಣ್ಣು ಅರ್ಧ ಮುಚ್ಚಿಕೊಂಡು, ಒಂದು ಕಡೆಗೆ ತಿರುಗಿದ ಕತ್ತು.

ಅನಸೂಯಮ್ಮ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕೊಡುವ ಮನೆಯವರು, ಚಿಲ್ಲರೆ ಎಂದರೆ ಮೂಗು ಮುರಿಯುವವರು, ಒಂದು ರೂಪಾಯಿ ಹತ್ತು ಪೈಸೆ ಕೊಡುವುದಕ್ಕೆ ಆಧಾರು, ಪಾನು ಹುಡುಕಿ, ಹಿತ್ತಲಲ್ಲಿ ನಿಂತು ಎರಡು ದಿನ ಕಣ್ಣು ಮಿಟುಕಿಸಿದ್ದಾರೆ. ಸೋಲುವುದಕ್ಕೆ. ಅದೂ ಹತ್ತಲ್ಲ, ಹನ್ನೊಂದು. ಹತ್ತರ ಮೇಲೆ ಒಂದು ಹಾಕಬೇಕು ಎಂಬುದನ್ನೂ ಕಲಿತಿದ್ದಾರೆ.

"ಏನಂತೆ?" ಎಂದಳು ಮಾರಮ್ಮ.

"ಕಂಪನಿಯೋರು" ಎಂದರು ಅನಸೂಯಮ್ಮ. "ಒಳ್ಳೇ ಕಂಪನಿ."

ಮಾರಮ್ಮ ಈ ಸಲ ಕೇಳುವ ಮೊದಲೇ ಎರಡು ಹಿಡಿ ಕೊತ್ತಂಬರಿ ಹಾಕಿದಳು, ಕಳೆದ ವಾರದ್ದೂ ಸೇರಿಸಿ. ಕೃಷ್ಣಪ್ಪನವರು ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದಿದ್ದರು. ಅವರಿಗೆ ಅದು ಎಷ್ಟು ಕಷ್ಟವಾಗುತ್ತಿತ್ತು ಎಂಬುದು ಕೆಂಪಾದ ಕಿವಿ ನೋಡಿದರೇ ತಿಳಿಯುತ್ತಿತ್ತು, ಆದರೂ ಪಕ್ಕದಿಂದ ಕದಲಲಿಲ್ಲ. ಅನಸೂಯಮ್ಮ ಅವರ ಕಡೆ ಬೆನ್ನು ಮಾಡಿ ನಿಂತು ಫೋನಿನಲ್ಲಿ ಏನೋ ಒತ್ತಿದರು. ಈಸಿಕೊಂಡದ್ದನ್ನು ಹಾಗೇ ಇಟ್ಟುಕೊಳ್ಳುವ ಹೆಂಗಸಲ್ಲ ಆಕೆ. ಹನ್ನೊಂದಕ್ಕೆ ಹನ್ನೊಂದು ಕೊಟ್ಟು ಸರಿಮಾಡುವವರೂ ಅಲ್ಲ. ಹನ್ನೆರಡು ಎಂದು ಬರೆದು ಕಳಿಸಿದರು.

ಕೃಷ್ಣಪ್ಪನವರ ಅಂಗಿಯ ಜೇಬು ಟಿಣ್ ಎಂದಿತು. ಅವರು ಬೆಚ್ಚಿಬಿದ್ದು ಚೀಲ ಬಿಡುವುದರಲ್ಲಿದ್ದವರು ಹೇಗೋ ಹಿಡಿದುಕೊಂಡರು.

"ಏನೋ ಬಂತು ನೋಡ್ರಿ" ಎಂದರು ಅನಸೂಯಮ್ಮ.

"ಯಾವ್ದೋ ಕಂಪನಿ ಮೆಸೇಜು" ಎಂದು ಕೃಷ್ಣಪ್ಪನವರು ಎದುರಿನ ಗೋಡೆಯ ಪೋಸ್ಟರಿನ ಕಡೆ ನೋಡಿದರು.

"ಇರ್ಬೌದು" ಎಂದು ಅನಸೂಯಮ್ಮ ಚೀಲದ ಒಂದು ಕಿವಿಯನ್ನು ತಾವು ಹಿಡಿದುಕೊಂಡರು.